ನಕ್ಷೆಗೆ ಸಿಕ್ಕ ಕೇರಿ

“ಅಲ್ಲಿ ಮನೆ ಎಲ್ಲಿದೆ? ಕಣ್ಣಿಗೆ ಮಣ್ಣು ಬಿದ್ದಿದೆಯಾ? ಮೋರಿ, ಅದರಾಚೆ ಖಾಲಿ ಜಾಗ. ಅಷ್ಟೇ.”

ಟೀಚರ್ ನನ್ನ ಮಗಳ ಕೈಯಿಂದ ಟ್ಯಾಬ್ ಕಿತ್ತುಕೊಂಡರು. ನಾನು ಬಾಗಿಲಾಚೆ ನೆಲ ಒರೆಸುತ್ತಿದ್ದೆ. ಗೋಡೆಯ ಪರದೆಯ ಮೇಲೆ ಊರು ಆಕಾಶದಿಂದ ಕಂಡಂತೆ ಹರಡಿತ್ತು. ಸಮಾಜ ಪಾಠಕ್ಕೆಂದು ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ತಮ್ಮ ಮನೆ ಹುಡುಕಿ ಕೆಂಪು ಚುಕ್ಕೆ ಇಟ್ಟಿದ್ದರು. ಶಾಲೆಯ ಹಿಂದಿನ ಗೋಡೆಯಾಚೆ, ನಮ್ಮ ಕೇರಿ ಇರುವಲ್ಲಿ, ಬರೀ ಬೂದು ಬಣ್ಣ.

“ಅದು ನಮ್ಮ ತಗಡು, ಟೀಚರ್. ಮೇಲಿಂದ ಹಂಗೆ ಕಾಣತ್ತೆ.”

“ಕಸದ ರಾಶಿಗೂ ಮನೆಗೂ ವ್ಯತ್ಯಾಸ ಗೊತ್ತಿಲ್ಲ, ಇವಳು ನಕ್ಷೆ ಓದ್ತಾಳಂತೆ.”

ಮಕ್ಕಳು ನಕ್ಕರು. ಬಾಯಿ ಬಿಟ್ಟರೆ ಕೆಲಸ ಹೋಗುತ್ತಿತ್ತು. ಒರೆಸಿದ ಜಾಗವನ್ನೇ ನಾನು ಮತ್ತೆ ಒರೆಸಿದೆ.

ಮುಂದಿನ ವಾರ ಅವರವರ ಬೀದಿಯ ನಕ್ಷೆ ಮಾಡಿ ತನ್ನಿ ಎಂದು ಮಕ್ಕಳಿಗೆ ಟ್ಯಾಬ್ ಕೊಟ್ಟು ಕಳಿಸಿದರು. ಮಗಳು ಶನಿವಾರ, ಭಾನುವಾರ ಎರಡೂ ದಿನ ಕೇರಿ ಸುತ್ತಿದಳು. ಒಂದೊಂದು ಬಾಗಿಲ ಮುಂದೆಯೂ ನಿಂತು ಟ್ಯಾಬಿನ ನಕ್ಷೆಯಲ್ಲಿ ಚುಕ್ಕೆ ಇಟ್ಟು, ಫೋಟೋ ತೆಗೆದು, ಒಳಗೆ ಎಷ್ಟು ಜನ ಎಂದು ಬರೆದುಕೊಂಡಳು. ಪಕ್ಕದ ಗುಡಿಸಲಿನ ಕುಂಟಜ್ಜಿ ಫೋಟೋಗೆಂದು ತಲೆ ಬಾಚಿಕೊಂಡು ಬಂದಳು.

“ನಂದೂ ಹಾಕೇ ಪುಟ್ಟಿ. ಇಲ್ಲಿ ಯಾರೂ ಇಲ್ಲ ಅಂತಾಳಲ್ಲ ಆ ಮುಂಡೆ, ನೋಡ್ಲಿ.”

“ಒಂದೂ ಬಿಡಬೇಡ,” ಎಂದವಳು ನಾನೇ.

ನಲವತ್ತೆರಡು ಮನೆ. ಎರಡೇ ಎರಡು ನಲ್ಲಿ.

ಶಾಲೆಯಲ್ಲಿ ಪ್ರದರ್ಶನ ಇಟ್ಟಾಗ ನಗರಸಭೆಯ ಸಾಹೇಬರು ಬಂದರು. ಉಳಿದ ನಕ್ಷೆಗಳನ್ನು ದಾಟಿ ಬಂದು ನನ್ನ ಮಗಳದ್ದರ ಮುಂದೆ ನಿಂತುಬಿಟ್ಟರು.

“ನಮ್ಮ ಸರ್ವೆಯವರಿಗೆ ಎರಡು ವರ್ಷದಿಂದ ಆಗದ್ದು. ಭಲೇ.” ಅವಳ ತಲೆ ಸವರಿದರು. ಆಮೇಲೆ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಹೆಡ್‌ಮಾಸ್ಟರು ಆ ನಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿ ಅವರಿಗೆ ಕೊಟ್ಟರು. ಮನೆಗೆ ಹೋಗುವವರೆಗೂ ಮಗಳ ಕಾಲು ನೆಲಕ್ಕೆ ತಾಗಲಿಲ್ಲ.

ಹದಿನೈದು ದಿನಕ್ಕೆ ನಗರಸಭೆಯಿಂದ ಇಬ್ಬರು ಬಣ್ಣದ ಡಬ್ಬಿ ಹಿಡಿದು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಬಾಗಿಲುಗಳ ಮೇಲೆ ಒಂದರಿಂದ ನಲವತ್ತೆರಡರವರೆಗೆ ಬರೆದರು, ಮಗಳು ನಡೆದ ದಾರಿಯಲ್ಲೇ. ಒಂದು ವಾರದೊಳಗೆ ಜಾಗ ಬಿಡಬೇಕಂತೆ.

ನಮ್ಮ ಕೇರಿಯ ಗಾಡಿ ತಳ್ಳುವ ಮಾವ ಅಂಗಳದಲ್ಲಿ ಉಗಿದ. “ಬೋಳಿಮಕ್ಕಳು. ಮಗು ಕೈಲೇ ನಮ್ಮ ಗೋರಿ ಅಳತೆ ಮಾಡಿಸಿದ್ರು.”

ಮಗಳು ಒಳಗೆ ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು. “ನಾನು ಟ್ಯಾಬಲ್ಲಿ ಅಳಿಸಿದೆ ಅಮ್ಮ. ಆದ್ರೆ ಅವರ ಹತ್ರ ಇರೋದು ಹೋಗಲ್ಲವಂತೆ.” ಅವತ್ತಿನಿಂದ ಅವಳು ಶಾಲೆಗೆ ಹೋಗಲಿಲ್ಲ, ಕೇರಿಯವರ ಮುಖ ನೋಡಲಿಲ್ಲ.

ನಾನು ಹೆಡ್‌ಮಾಸ್ಟರ ರೂಮಿಗೆ ಹೋದೆ. “ಸಾರ್, ನಕ್ಷೆ ಬರೆಸಿದ್ದು ನೀವು. ಪಾಠಕ್ಕೆ ಅಂತ ಬರೆಸಿದ್ದು. ನೀವೇ ಒಂದು ಮಾತು ಹೇಳಿ.”

“ಒತ್ತುವರಿ ಮಾಡ್ಕೊಂಡು ಕೂತು ನನಗೆ ಹೇಳೋಕೆ ಬಂದ್ಯಾ? ಕಕ್ಕಸು ತೊಳೆಯೋಳು ಕಕ್ಕಸು ತೊಳಿ.”

ಟೀಚರ್ ಅಲ್ಲೇ ಹಾಜರಿ ಪುಸ್ತಕ ತುಂಬುತ್ತಿದ್ದರು. ಪುಟ ತಿರುವಿದರು.

ವಾರ ಮುಗಿದ ಬೆಳಗ್ಗೆ ಮೋರಿಯಾಚೆ ಹಳದಿ ಯಂತ್ರ ಬಂದು ನಿಂತಿತು. ನಮ್ಮ ಬಾಗಿಲಿಗೆ ಕೀಲು ಇಲ್ಲ, ತಂತಿ ಕಟ್ಟು. ಬಿಚ್ಚಿದೆ. ಆ ತಗಡಿನ ಬಾಗಿಲನ್ನು ತಲೆಯ ಮೇಲಿಟ್ಟುಕೊಂಡು ಶಾಲೆಯ ಗೇಟಿನ ಕಡೆ ನಡೆದೆ. ಯಾಕೆಂದು ಯಾರೂ ಕೇಳಲಿಲ್ಲ. ಹಿಂದಿನಿಂದ ಇನ್ನೊಂದು ತಂತಿ ಬಿಚ್ಚುವ ಸದ್ದು, ಆಮೇಲೆ ಮತ್ತೊಂದು. ಕುಂಟಜ್ಜಿಯ ಬಾಗಿಲನ್ನು ಮಾವ ಗಾಡಿಯಲ್ಲಿ ಹಾಕಿಕೊಂಡ. ಅಜ್ಜಿ ನನ್ನ ಮಗಳ ಕೈ ಹಿಡಿದು ಹೊರಗೆ ಎಳೆದಳು.

“ಬಾರೇ. ಹೆಂಗೆ ಜೋಡಿಸ್ಬೇಕು ಅಂತ ನಿನಗೇ ಗೊತ್ತಿರೋದು.”

ಬೆಂಚುಗಳನ್ನು ಹೊರಗಿಟ್ಟು, ನಾಲ್ಕನೇ ಕ್ಲಾಸಿನ ನೆಲದ ತುಂಬ ಮಗಳು ಹೇಳಿದಂತೆ ಬಾಗಿಲು ಹಾಸಿದೆವು, ಕೇರಿಯ ಸಂದುಗಳು ಕಾಣುವ ಹಾಗೆ. ಮಕ್ಕಳು ಗೋಡೆಗೆ ಅಂಟಿಕೊಂಡು ನೋಡಿದರು. ಹೆಡ್‌ಮಾಸ್ಟರು ಫೋನ್ ಹಿಡಿದು ಕಾರಿಡಾರಿನಲ್ಲಿ ಓಡಿದರು.

ಗೋಡೆಯಾಚೆ ಯಂತ್ರ ಗುರ್ ಎಂದು ಶುರುವಾಯಿತು. ಕಿಟಕಿಯ ಗಾಜು ನಡುಗಿತು. ಮಗಳು ಎದ್ದು ಏಳನೇ ನಂಬರಿನ ಮೇಲೆ, ನಮ್ಮ ಬಾಗಿಲ ಮೇಲೆ, ಹೋಗಿ ಕೂತಳು. ನಾನು ಅವಳ ಪಕ್ಕ ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ಅವರವರ ಬಾಗಿಲ ಮೇಲೆ ಕೂತರು.