ಬದುವಿನ ಮೇಲೆ ನಿಂತ ಬೂಟು

ನಾನೊಂದು ಗಮ್‌ಬೂಟು. ಮೊಣಕಾಲವರೆಗೆ ಬರುವ ರಬ್ಬರಿನ ಬೂಟು, ಎಡಗಾಲಿನದು. ಬಲಗಾಲಿನ ನನ್ನ ಜೊತೆಗಾರ ಪಕ್ಕದಲ್ಲೇ ಇದ್ದಾನೆ, ಆದರೆ ಅವನಿಗೆ ಮಾತು ಕಡಿಮೆ, ಜಂಬ ಜಾಸ್ತಿ. ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳಬೇಕು.

ನಾವು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಕರಗಿದ ಕರಿ ಪಾಕವನ್ನು ಅಚ್ಚಿನೊಳಗೆ ತುಂಬಿ, ಆರಿದ ಮೇಲೆ ಕಿತ್ತು ತೆಗೆದು, ಅಂಚು ಸವರಿ, ಜೊತೆ ಮಾಡಿ ಕಟ್ಟಿದರು. ಹುಟ್ಟುವಾಗಲೇ ಆಕಾಶಕ್ಕೆ ಬಾಯಿ ತೆರೆದುಕೊಂಡು ಹುಟ್ಟಿದವರು ನಾವು. ಯಾರಾದರೂ ಕಾಲು ಇಟ್ಟರೆ ಹೊಟ್ಟೆ ತುಂಬಿತು, ಇಲ್ಲದಿದ್ದರೆ ಖಾಲಿ. ಅಲ್ಲಿಂದ ಲಾರಿ ಹತ್ತಿ ಬನ್ನೂರಿನ ಒಂದು ಅಂಗಡಿಗೆ ಬಂದೆವು. ಪಂಪ್‌ಸೆಟ್ಟಿನ ಪೈಪು, ಹಗ್ಗದ ಸುರುಳಿ, ಔಷಧಿ ಹೊಡೆಯುವ ಕ್ಯಾನುಗಳ ನಡುವೆ ನಮ್ಮನ್ನು ತಲೆಕೆಳಗು ನೇತುಹಾಕಿದರು. ಬಂದವರೆಲ್ಲ ನಮ್ಮ ಮೂಗು ಮುಟ್ಟಿ ಬೆಲೆ ಕೇಳಿ ಹೋದರೇ ಹೊರತು ಕೊಂಡವರಿಲ್ಲ. ಧೂಳು ತಿಂದು ತಿಂದು ನನಗೆ ಬದುಕೇ ಸಾಕಾಗಿತ್ತು.

ಕೊನೆಗೆ ಬಂದವನು ಬೋರೇಶ. ಗೂಡ್ಸ್ ಆಟೋ ಓಡಿಸುತ್ತಿದ್ದ, ನಾಲೆಯ ಕೆಳಗೆ ಒಂದಿಷ್ಟು ಗದ್ದೆಯೂ ಇತ್ತು. ಅವನ ಪಕ್ಕದ ಗದ್ದೆಯ ನಿಂಗಪ್ಪ ನೀರು ಕಟ್ಟಲು ಹೋದವನು ಬದುವಿನ ಹುಲ್ಲಿನಲ್ಲಿ ಮಂಡಲದ ಹಾವು ತುಳಿದು ಸತ್ತಿದ್ದ. ಆ ಸಾವು ನೋಡಿ ಬಂದ ಮೇಲೆ ಬೋರೇಶನಿಗೆ ಮನೆಯವರ ಕಾಲುಗಳದೇ ಯೋಚನೆ.

"ಹೆಂಗಸ್ರ ಅಳತೇದು ಐತಾ ಅಣ್ಣ?" ಎಂದು ಅಂಗಡಿಯವನನ್ನು ಕೇಳಿದ.

"ಹೆಂಗಸ್ರು ಹಾಕ್ಕತಾರಾ ಇದನ್ನ?" ಎಂದು ಅಂಗಡಿಯವನು ನಕ್ಕ. ಆದರೂ ಇದ್ದುದರಲ್ಲಿ ಚಿಕ್ಕದನ್ನು ಹುಡುಕಿ ಕೊಟ್ಟ. ಹಾಗೆ ಹೊರಬಿದ್ದವರು ನಾವು.

ಮನೆಯಲ್ಲಿ ನಮ್ಮನ್ನು ಮೊದಲು ನೋಡಿದವಳು ಬೋರೇಶನ ಅವ್ವ ಸಣ್ಣತಾಯಮ್ಮ. ಸೊಂಟಕ್ಕೆ ಕೈ ಕೊಟ್ಟು ನಿಂತು, "ಇದೇನ್ಲಾ ಇದು, ಆನೆ ಕಾಲು!" ಎಂದಳು. ಅವಳಿಗೂ ಒಂದು ಜೊತೆ ತರುತ್ತೇನೆಂದು ಮಗ ಹೇಳಿದ್ದಕ್ಕೆ, "ಹೋಗ್ಲಾ, ಹುಟ್ದಾಗಿಂದ ಮಣ್ಣು ತುಳ್ದಿರೋ ಕಾಲು ಇದು. ನಿನ್ನ ಹೆಂಡ್ರಿಗೇ ತೊಡ್ಸು" ಎಂದು ಬಾಯಿ ಮುಚ್ಚಿಸಿದಳು. ಕೆಟ್ಟ ಹೆಂಗಸಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಾಯಿ ಜೋರು, ಅಷ್ಟೆ. ಸೊಸೆಗೆ ಜ್ವರ ಬಂದರೆ ತಾನೇ ಗಂಜಿ ಕಾಯಿಸಿ ಕುಡಿಸುವವಳು.

ಸೊಸೆ ಸುಮಿತ್ರ ನಮ್ಮ ಒಡತಿಯಾದಳು. ಅವಳ ಕಾಲು ನನ್ನೊಳಗೆ ಸ್ವಲ್ಪ ಸಡಿಲ. ಗಂಡನ ಹಳೇ ಕಾಲುಚೀಲ ಏರಿಸಿಕೊಂಡು ಹೊಂದಿಸಿಕೊಂಡಳು. ಬೆಳಿಗ್ಗೆ ಎದ್ದರೆ ಮೊದಲು ನಮ್ಮನ್ನು ತಲೆಕೆಳಗು ಮಾಡಿ ಗೋಡೆಗೆ ಕುಟ್ಟುತ್ತಿದ್ದಳು, ಒಳಗೆ ಚೇಳೋ ಕಪ್ಪೆಯೋ ಸೇರಿಕೊಂಡಿದ್ದರೆ ಹೊರಗೆ ಬೀಳಲಿ ಎಂದು. ಒಂದು ದಿನ ನನ್ನ ಹೊಟ್ಟೆಯಿಂದ ದಪ್ಪ ಕಪ್ಪೆಯೊಂದು ಕುಪ್ಪಳಿಸಿದಾಗ ಅತ್ತೆ ಸೊಸೆ ಇಬ್ಬರೂ ಕಿರುಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹುಲ್ಲು ಕೊಯ್ಯುವುದಕ್ಕೆ, ನೀರು ಕಟ್ಟುವುದಕ್ಕೆ, ಕಬ್ಬಿನ ಗರಿ ಎಳೆದು ತರುವುದಕ್ಕೆ ಎಲ್ಲಕ್ಕೂ ನಾವಿದ್ದೆವು.

ಆ ಊರಿನ ಹೆಂಗಸರು ಮುಯ್ಯಿ ಆಳಾಗಿ ಕೆಲಸ ಮಾಡುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವೆಲ್ಲ ಬರುತ್ತೇವೆ, ನಾಳೆ ನಮ್ಮ ಗದ್ದೆಗೆ ನೀವೆಲ್ಲ ಬನ್ನಿ, ಕೂಲಿಯ ಮಾತಿಲ್ಲ. ಆ ಗುಂಪಿನಲ್ಲಿ ಬೂಟು ಹಾಕಿದವಳು ಸುಮಿತ್ರ ಒಬ್ಬಳೇ. ಗೇಲಿಗೆ ಕೊರತೆಯೇ? "ಪೊಲೀಸಮ್ಮ ಬಂದ್ಲು, ದಾರಿ ಬಿಡ್ರವ್ವ" ಎನ್ನುವವರು ಕೆಲವರು. "ಮಿಲ್ಟ್ರಿಗೆ ಯಾವತ್ತು ಸೇರ್ಕಂಡ್ಯವ್ವ?" ಎನ್ನುವವಳು ಕಾಳಮ್ಮ. ಸಣ್ಣತಾಯಮ್ಮನ ಓರಗೆಯವಳು ಅವಳು. ಸುಮಿತ್ರ ನಕ್ಕು ಕೆಲಸಕ್ಕೆ ಇಳಿಯುತ್ತಿದ್ದಳು.

ಮಳೆ ಹಿಡಿದ ಒಂದು ಬೆಳಿಗ್ಗೆ ಬದುವಿನ ಮೇಲೆ ಹೋಗುವಾಗ ಹುಲ್ಲಿನೊಳಗಿಂದ ಕುಕ್ಕರ್ ಕೂಗಿದಂಥ ಸದ್ದು ಬಂತು. ಸುಮಿತ್ರ ನಿಲ್ಲುವಷ್ಟರಲ್ಲಿ ಬಲಗಾಲಿನವನಿಗೆ ಬಡಿಯಿತು ಹಾವು. ಹಲ್ಲು ಜಾರಿ, ಮೈಮೇಲೆ ಎರಡು ಗೀರು ಮಾತ್ರ ಉಳಿಯಿತು. ಒಳಗಿನ ಕಾಲಿಗೆ ಏನೂ ಆಗಲಿಲ್ಲ. ಆವತ್ತಿನಿಂದ ಜೊತೆಗಾರನ ಜಂಬ ನೆತ್ತಿಗೇರಿತು.

ಸುದ್ದಿ ಕೇಳಿ ಸಣ್ಣತಾಯಮ್ಮ ಅಂಗಳಕ್ಕೆ ಓಡಿ ಬಂದಳು. ಸೊಸೆಗೆ ದೃಷ್ಟಿ ತೆಗೆದಳು, ನಮ್ಮನ್ನು ತಾನೇ ತೊಳೆದಳು. ಆ ವರ್ಷದ ಆಯುಧಪೂಜೆಗೆ ಕುಡುಗೋಲು, ಗುದ್ದಲಿ, ಬೋರೇಶನ ಆಟೋ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟ ಮೇಲೆ ಸ್ವಲ್ಪ ಯೋಚಿಸಿ, ನಮ್ಮನ್ನು ಒಂದು ಮಾರು ದೂರದಲ್ಲಿ ಇಟ್ಟು ನಮಗೂ ಕುಂಕುಮ ಹಚ್ಚಿದಳು. "ಮೆಟ್ಟಾದ್ರೂ ಜೀವ ಉಳಿಸೈತೆ" ಎಂದಳು. ಮೆಟ್ಟೆನ್ನುವುದನ್ನು ಮಾತ್ರ ಮರೆಯಲಿಲ್ಲ.

ಅದಾದ ಸ್ವಲ್ಪ ದಿನಕ್ಕೇ ಭತ್ತ ಹಣ್ಣಾಗಿ ಕುಯ್ಲು ಬಂತು.

ಕುಯ್ಲಿನ ದಿನ ಗದ್ದೆಯ ಮೂಲೆಯಲ್ಲಿ ಕಲ್ಲಿಟ್ಟು, ತಂಬಿಟ್ಟು ಎಡೆ ಇಟ್ಟು, ಕಾಯಿ ಒಡೆದು ಪೂಜೆ ಮಾಡುವುದು ಅವರ ಪದ್ಧತಿ. ಪೂಜೆಗೆ ಎಲ್ಲರೂ ಚಪ್ಪಲಿ ಬಿಟ್ಟರು, ಸುಮಿತ್ರ ನಮ್ಮನ್ನು ಬಿಟ್ಟಳು. ಪೂಜೆ ಮುಗಿಸಿ ಬಂದು ಮತ್ತೆ ನನ್ನೊಳಗೆ ಕಾಲು ತೂರಿಸಿದಳು. ಇನ್ನೇನು ಗದ್ದೆಗೆ ಇಳಿಯಬೇಕು, ಹಿಂದಿನಿಂದ ಅತ್ತೆಯ ದನಿ ಬಂತು.

"ಏನವ್ವ ಅದು? ಅನ್ನದ ತಾಯಿ ಮಡ್ಲಿಗೆ ಮೆಟ್ಟು ಹಾಕ್ಕಂಡು ಇಳೀತೀಯಾ?"

"ಅತ್ತೆ, ಕುಯ್ಲಲ್ಲೇ ಹಾವು ಜಾಸ್ತಿ ಅಂತ ಊರಿಗೆ ಬರೋ ನರ್ಸಮ್ಮ ಹೇಳವ್ರೆ. ಇಲಿ ತಿನ್ನಕ್ಕೆ ಬಂದು ಭತ್ತದ ಬುಡದಲ್ಲೇ ಮಲಗಿರ್ತವಂತೆ."

"ವರ್ಷೆಲ್ಲ ಹಾಕ್ಕಂಡೆ, ನಾನೇನಾರ ಅಂದ್ನಾ? ಇವತ್ತೊಂದಿನ ಬ್ಯಾಡ. ಇಷ್ಟು ಜನ ಬರಿಗಾಲಲ್ಲಿ ನಿಂತವ್ರೆ, ನಿನ್ನ ಕಾಲೇನು ಚಿನ್ನದ್ದಾ?"

ಮುಯ್ಯಿಗೆ ಬಂದ ಹೆಂಗಸರೆಲ್ಲ ಕುಡುಗೋಲು ಹಿಡಿದು ನೋಡುತ್ತಿದ್ದರು. "ಬಿಚ್ಚಾಕವ್ವ, ಹಿರೀರ ಮಾತು" ಎಂದಳು ಕಾಳಮ್ಮ. ಉಳಿದವರೂ ಹ್ಞೂಗುಟ್ಟಿದರು. ಸಣ್ಣತಾಯಮ್ಮ ದನಿ ತಗ್ಗಿಸಿ, "ನಾಕು ಜನದ ಮುಂದೆ ನನ್ನ ಮಾನ ತೆಗೀಬ್ಯಾಡ" ಎಂದಳು.

ಸುಮಿತ್ರ ನಮ್ಮನ್ನು ಬಿಚ್ಚಿ ಬದುವಿನ ಮೇಲೆ ಜೊತೆಯಾಗಿ ನಿಲ್ಲಿಸಿ, ಕಾಲುಚೀಲ ಮಡಚಿ ನನ್ನೊಳಗೆ ತುರುಕಿ ಗದ್ದೆಗೆ ಇಳಿದಳು. ಅವಳ ಕಾಲಿನ ಬಿಸಿ ಇನ್ನೂ ನನ್ನೊಳಗಿತ್ತು.

ಹೊತ್ತು ಏರಿತ್ತು. ಹೆಂಗಸರು ಸಾಲು ಹಿಡಿದು ಕೊಯ್ಯುತ್ತ, ಯಾರದೋ ಮನೆಯ ಮದುವೆಯ ಮಾತಾಡುತ್ತ ಸಾಗುತ್ತಿದ್ದರು. ಸುಮಿತ್ರ ಒಂದು ಹಿಡಿ ಭತ್ತ ಬಾಚಿ ಎಡಗಾಲು ಮುಂದಿಟ್ಟಳು. "ಅಯ್ಯಯ್ಯೋ ಅತ್ತೆ!" ಎಂದು ಕೂಗಿದಳು. ಬುಡದಲ್ಲಿ ಸರಪಣಿಯಂಥ ಉಂಗುರಗಳ ದಪ್ಪ ಮೈ ಹರಿದು ಹೋದದ್ದನ್ನು ಎಲ್ಲರೂ ನೋಡಿದರು. ನಾನೂ ನೋಡಿದೆ. ಕೂಗಳತೆಯಲ್ಲಿ ಗಟ್ಟಿಮುಟ್ಟಾಗಿ, ಬಾಯಿ ತೆರೆದುಕೊಂಡು ನಿಂತಿದ್ದೆ, ಏನು ಪ್ರಯೋಜನ?

ಕಾಳಮ್ಮ ಹಗ್ಗ ತಂದಳು. ಸುಮಿತ್ರ ಅಳುತ್ತಲೇ, ನರ್ಸಮ್ಮ ಹೇಳಿದ್ದನ್ನು ನೆನೆದು, "ಬಿಗೀಬ್ಯಾಡಿ, ಕುಯ್ಯಬ್ಯಾಡಿ, ಕಾಲು ಅಲುಗಾಡಿಸದಂಗೆ ಎತ್ಕಂಡೋಗಿ" ಎಂದಳು. ಯಾರೋ ಪಕ್ಕದೂರಿನ ಮಂತ್ರದವನ ಹೆಸರು ತೆಗೆದರು. "ಮಂತ್ರಗಿಂತ್ರ ಅಂದೋರ ಬಾಯಿಗೆ ಮಣ್ಣಾಕ! ಆಸ್ಪತ್ರೆಗೆ ಎತ್ರೀ" ಎಂದು ಸಣ್ಣತಾಯಮ್ಮ ಚೀರಿದಳು. ಅಷ್ಟು ಬುದ್ಧಿ ಆಗ ಬಂತು. ಹೊರೆ ಸಾಗಿಸಲು ಆಗಷ್ಟೇ ಬಂದಿದ್ದ ಬೋರೇಶನ ಆಟೋದಲ್ಲಿ ಹುಲ್ಲು ಹಾಸಿ ಮಲಗಿಸಿ ಕರೆದೊಯ್ದರು. ನಾವು ಬದುವಿನ ಮೇಲೇ ಉಳಿದೆವು.

ಸಂಜೆ ಸಣ್ಣತಾಯಮ್ಮ ಒಬ್ಬಳೇ ಬಂದಳು. ನಮ್ಮನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆ ಕೂತು ಸೆರಗಿನಿಂದ ಒರೆಸಿದಳು. ಒರೆಸುವುದಕ್ಕೆ ಏನೂ ಇರಲಿಲ್ಲ. "ನನ್ನ ನಾಲಿಗೆ ಸೇದೋಗ" ಎಂದು ತನ್ನನ್ನೇ ಶಪಿಸಿಕೊಂಡು ಅತ್ತಳು.

ಮಾರನೆಯ ದಿನ ಬೋರೇಶ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದ. ಮಂಚದ ಕೆಳಗಿದ್ದ ನಮ್ಮನ್ನು ನೋಡಿ ನಿಂತುಬಿಟ್ಟ.

"ಇದಿದ್ದೂ ಯಾಕವ್ವ ಹಾಕ್ಕಂಡಿರ್ಲಿಲ್ಲ ಅವ್ಳು? ಕೇಳಿದ್ರೆ, ಸೆಕೆ ಆಯ್ತಾ ಇತ್ತು, ನಾನೇ ಬಿಚ್ದೆ ಅಂತಾಳೆ. ಹೌದಾ?"

ಸಣ್ಣತಾಯಮ್ಮನ ಕಾಲ್ಬೆರಳುಗಳು ನನ್ನ ಮುಂದೆಯೇ ಇದ್ದವು. ನೆಲವನ್ನು ಒತ್ತಿ ಒತ್ತಿ ಹಿಡಿಯುತ್ತಿದ್ದವು. ಸೊಸೆ ಸುಳ್ಳು ಹೇಳಿ ತನ್ನನ್ನು ಉಳಿಸಿದ್ದಾಳೆಂದು ಅವಳಿಗೆ ಗೊತ್ತಾಯಿತು.

"ಹ್ಞೂ" ಎಂದಳು.

ಅಷ್ಟೇ. ಬೋರೇಶ ಹೊರಟುಹೋದ. ಆ ಒಂದು ಹ್ಞೂಕಾರದ ಭಾರ ಆಮೇಲೆ ಆ ಮನೆಯಲ್ಲಿ ಯಾವ ಮೂಟೆಗೂ ಇರಲಿಲ್ಲ.

ಸುಮಿತ್ರ ಬದುಕಿದಳು. ಮೂತ್ರ ನಿಂತು, ಮೈ ಊದಿ, ಮೈಸೂರಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿ ರಕ್ತ ಶುದ್ಧಿ ಮಾಡಿಸಬೇಕಾಯಿತಂತೆ. ಎಡಪಾದದ ಮಾಂಸ ಕೊಳೆತು ಎರಡು ಬೆರಳು ತೆಗೆದರಂತೆ. ಮನೆಗೆ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ದಿನ ನನ್ನನ್ನು ಹಾಕಿ ನೋಡಿದಳು. ಊದಿದ ಪಾದ ನನ್ನೊಳಗೆ ಇಳಿಯಲಿಲ್ಲ. ನಾನು ಎಷ್ಟು ಅಗಲವಾಗಲು ನೋಡಿದರೂ ಆಗಲಿಲ್ಲ. ಅವಳು ನನ್ನನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಒಲೆಯ ಮುಂದಿದ್ದ ಅತ್ತೆ ತಿರುಗಿ ಕೂತಳು.

ಅತ್ತೆ ಆ ವರ್ಷವೆಲ್ಲ ಸೊಸೆಯ ಸೇವೆ ಮಾಡಿದಳು. ನೀರು ಕಾಯಿಸಿದಳು, ಗಾಯ ತೊಳೆದಳು, ತುತ್ತು ಕಲಸಿ ಕೈಗಿಟ್ಟಳು. ಎಲ್ಲ ಮಾಡಿದಳು, ಹೇಳಬೇಕಾದ ಮಾತೊಂದನ್ನು ಬಿಟ್ಟು. ಮುಯ್ಯಿಯ ಹೆಂಗಸರೂ ಬಾಯಿ ಬಿಡಲಿಲ್ಲ. "ಬಿಚ್ಚಾಕು" ಎಂದವರಲ್ಲಿ ಅವರೂ ಇದ್ದರಲ್ಲ! ಇನ್ನೊಬ್ಬರ ಮನೆ ಒಡೆಯೋ ಮಾತು ನಮಗ್ಯಾಕೆ ಎಂದು ಸುಮ್ಮನಾದರು. ಬೋರೇಶ ಮಾತ್ರ ಆಗೀಗ ಹೆಂಡತಿಯನ್ನು ಗದರುತ್ತಿದ್ದ: "ಒಂದ್ ಗಳಿಗೆ ಸೆಕೆ ತಡಕಂಡಿದ್ರೆ ಕಾಲು ಉಳೀತಿತ್ತಲ್ಲ." ಸುಮಿತ್ರ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಸಣ್ಣತಾಯಮ್ಮ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು.

"ನೀನಾದ್ರೂ ಹಾಕ್ಕೊ ಅವ್ವ" ಎಂದು ಮಗ ಹೇಳಿದ ಮೇಲೆ ನಾವು ಸಣ್ಣತಾಯಮ್ಮನ ಪಾಲಾದೆವು. ಅವಳ ಅಗಲ ಪಾದ, ಬಿರಿದ ಹಿಮ್ಮಡಿ ನನ್ನನ್ನು ಒಳಗಿನಿಂದ ಉಜ್ಜುತ್ತಿದ್ದವು. ಒಬ್ಬಳೇ ನಡೆಯುವಾಗ, "ಹ್ಞೂ ಅಂದ್ಬಿಟ್ನಲ್ಲ, ಹ್ಞೂ ಅಂದ್ಬಿಟ್ನಲ್ಲ" ಎಂದು ಗೊಣಗುತ್ತಿದ್ದಳು.

ಮತ್ತೆ ಕುಯ್ಲು ಬಂತು. ಹಿಂದಿನ ವರ್ಷದ ಮುಯ್ಯಿ ತೀರಿಸಬೇಕಿತ್ತು, ಸುಮಿತ್ರಳಿಗೆ ಹೆಚ್ಚು ಹೊತ್ತು ನಿಲ್ಲಲಾಗದು. ಅವಳ ಬದಲು ಸಣ್ಣತಾಯಮ್ಮ ಕಾಳಮ್ಮನ ಗದ್ದೆಗೆ ಹೋದಳು. ಪೂಜೆ ಮುಗಿಸಿ, ನಮ್ಮನ್ನು ಮತ್ತೆ ತೊಟ್ಟುಕೊಂಡು ಬದು ಇಳಿಯಲು ಕಾಲು ಎತ್ತಿದಳು. ಕಾಳಮ್ಮ ಅಡ್ಡ ಬಂದಳು.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ನಮ್ಮ ಗದ್ದೇಲಿ ಮೆಟ್ಟು ಬ್ಯಾಡ. ಹೋದ್ ವರ್ಷ ನೀನೇ..."

ಅಷ್ಟಕ್ಕೆ ಕಾಳಮ್ಮ ನಾಲಿಗೆ ಕಚ್ಚಿಕೊಂಡಳು. ಬದುವಿನ ಆಚೆ, ಹೊರೆ ಸಾಗಿಸಲು ಬಂದಿದ್ದ ಬೋರೇಶ ಆಟೋದ ಹಗ್ಗ ಬಿಚ್ಚುತ್ತಿದ್ದ. ಅವನು ತಲೆ ಎತ್ತಿ, "ಏನು, ನಮ್ಮವ್ವ ಏನು?" ಎಂದ.

"ಏನಿಲ್ಲ ಬುಡಪ್ಪ, ಎಲ್ಲಾ ಬರಿಗಾಲಲ್ಲಿ ಇಳೀತಿದ್ವಲ್ಲ, ಅದ್ಕಂದೆ" ಎಂದು ಕಾಳಮ್ಮ ತೇಲಿಸಿದಳು. ಬೋರೇಶ ಮತ್ತೆ ಹಗ್ಗಕ್ಕೆ ಬಗ್ಗಿದ. ಸಣ್ಣತಾಯಮ್ಮನಿಗೆ ತಪ್ಪಿಸಿಕೊಳ್ಳಲು ದಾರಿ ಸಿಕ್ಕಿತ್ತು. ನಮ್ಮನ್ನು ಬಿಚ್ಚಿ ಬದುವಿನ ಮೇಲಿಟ್ಟು ಇಳಿದಿದ್ದರೆ ಮುಗಿಯುತ್ತಿತ್ತು. ಅವಳು ನಮ್ಮನ್ನು ಬಿಚ್ಚದೆ ಮಗನ ಕಡೆಗೆ ತಿರುಗಿದಳು.

"ಬೋರೇಶ" ಎಂದಳು. "ಅವ್ಳು ಸೆಕೆಗೆ ಬಿಚ್ಚಿರ್ಲಿಲ್ಲ ಕಣ್ಲಾ. ನಾನೇ ಬಿಚ್ಚಿಸ್ದೆ. ಬ್ಯಾಡ ಅತ್ತೆ, ಹಾವಿರ್ತವೆ ಅಂದ್ಲು. ನನ್ನ ಮಾನ ದೊಡ್ಡದಾಯ್ತು. ನೀ ಕೇಳ್ದಾಗ ಹ್ಞೂ ಅಂದ್ನಲ್ಲ, ಅದು ಸುಳ್ಳು."

ಬೋರೇಶ ಹಗ್ಗವನ್ನು ಕೆಳಗೆ ಹಾಕಿದ. ಅವ್ವನ ಮುಖ ನೋಡಲಿಲ್ಲ, ನಮ್ಮನ್ನು ನೋಡಿದ. "ವರ್ಷೆಲ್ಲ ಅವ್ಳನ್ನ ಬೈದ್ನಲ್ಲವ್ವ ನಾನು" ಎಂದ. ಖಾಲಿ ಆಟೋ ಹತ್ತಿ ಹೊರಟುಹೋದ.

ಕಾಳಮ್ಮ ಪಕ್ಕಕ್ಕೆ ಸರಿದಳು. "ಹಂಗೇ ಇಳಿ ಕಣಕ್ಕ" ಎಂದಳು. ಮಾಗಿದ ಭತ್ತದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಆ ಅನ್ನದ ತಾಯಿ ಏನೂ ಅನ್ನಲಿಲ್ಲ.

ಸಂಜೆ ಸಣ್ಣತಾಯಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ನಮ್ಮನ್ನು ಬಿಚ್ಚಲೂ ಅವಳಿಗೆ ಕೈ ಬರಲಿಲ್ಲ. ಸುಮಿತ್ರ ಬಾಗಿಲ ಬಳಿ ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದಳು. ಗದ್ದೆಯಲ್ಲಿ ನಡೆದದ್ದನ್ನೆಲ್ಲ ಗಂಡ ಹೇಳಿ ಹೋಗಿದ್ದ.

"ನನ್ನ ಉಳಿಸ್ದೆ ಕಣವ್ವ ನೀನು. ನಾನು ವರ್ಷ ಸುಮ್ನಿದ್ಬಿಟ್ಟೆ" ಎಂದಳು ಅತ್ತೆ.

ಸುಮಿತ್ರ ಮೊರ ಕೆಳಗಿಟ್ಟಳು. "ನಿಮ್ಮನ್ನ ಉಳಿಸಕ್ಕೆ ಸುಳ್ಳೇಳ್ಲಿಲ್ಲ ಅತ್ತೆ. ನೀವಾಗಿ ಯಾವತ್ತು ಹೇಳ್ತೀರಾ ಅಂತ ನೋಡಾನ ಅಂತಿದ್ದೆ."

"ಹೇಳ್ದೇ ಇದ್ದಿದ್ರೆ?"

"ಕೊನೇವರ್ಗೂ ನಿಮ್ಮ ಕೈಯಲ್ಲೇ ಅನ್ನ ಇಕ್ಕಿಸ್ಕಂಡು ಉಣ್ತಿದ್ದೆ. ಒಂದ್ ಮಾತಾಡ್ತಿರ್ಲಿಲ್ಲ."

ಸಣ್ಣತಾಯಮ್ಮ ಮುಖ ಮುಚ್ಚಿಕೊಂಡು ಅತ್ತಳು. ಸುಮಿತ್ರ ಸಮಾಧಾನ ಮಾಡಲಿಲ್ಲ. ಬೇಡವೆಂದು ಎದ್ದೂ ಹೋಗಲಿಲ್ಲ. ಮತ್ತೆ ಮೊರ ಎತ್ತಿಕೊಂಡಳು.

ಈಗ ನನಗೆ ವಯಸ್ಸಾಯಿತು. ಅಟ್ಟೆ ಸೀಳಿದೆ, ಹಿಮ್ಮಡಿಯ ಬಳಿ ಬಿಸಿಲಿಗೆ ಬಿರುಕು ಬಿಟ್ಟಿದೆ. ಬೋರೇಶ ಎರಡು ಹೊಸ ಜೊತೆ ತಂದಿದ್ದಾನೆ, ಒಂದು ಹೆಂಡತಿಯ ಪಾದಕ್ಕೆ ಹೊಂದುವಷ್ಟು ಅಗಲದ್ದು. ಅವ್ವನ ಜೊತೆ ಕೆಲಸವಿದ್ದಷ್ಟೇ ಮಾತಾಡುತ್ತಾನೆ. ನಮ್ಮನ್ನು ಕಣ್ಣೆದುರು ಇಟ್ಟುಕೊಳ್ಳುವುದು ಸಣ್ಣತಾಯಮ್ಮನಿಗೆ ಬೇಕಿರಲಿಲ್ಲ. ಮೊನ್ನೆ ಹಳೇ ಸಾಮಾನಿನವನು ಬಂದಾಗ ಎತ್ತಿ ಕೊಡಲು ಹೋದಳು. ಸುಮಿತ್ರ ಕುಂಟುತ್ತ ಬಂದು ಅವಳ ಕೈಯಿಂದ ನಮ್ಮನ್ನು ಇಸಿದುಕೊಂಡು, ಬಾಗಿಲ ಎದುರಿನ ಮೂಲೆಯಲ್ಲಿ ಜೊತೆಯಾಗಿ ನಿಲ್ಲಿಸಿದಳು.

"ಇರ್ಲಿ ಬುಡಿ ಅತ್ತೆ" ಎಂದಳು. "ಕಣ್ಣಿಗೆ ಕಾಣ್ತಿರ್ಲಿ."

ಹಾವಿನ ಬಾಯಿಂದ ಕಾಲು ಕಾಯಲೆಂದು ಹುಟ್ಟಿದ ಜೀವ ನನ್ನದು. ಈಗ ಕಣ್ಣಿಗೆ ಕಾಣುವುದಷ್ಟೇ ನನ್ನ ಕೆಲಸ. ಆ ಮುದುಕಿ ದಿನಾ ಬೆಳಿಗ್ಗೆ ನನ್ನ ಮುಂದೆ ಹಾದು ಹೋಗುವಾಗ ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಹೊಸ ಬೂಟನ್ನು ಗೋಡೆಗೆ ಕುಟ್ಟಿ, ಒಳಗೆ ಕೈ ಹಾಕಿ ನೋಡಿ, ಮೊದಲು ಸೊಸೆಯ ಕಾಲಿಗೆ ತೊಡಿಸುತ್ತಾಳೆ.