ಎರಡರ ಮೇಲೆ ನಿಂತ ಮುಳ್ಳು

ಮುಳ್ಳು ಎರಡರ ಮೇಲೆ ನಿಂತುಬಿಟ್ಟಿತ್ತು. ಗ್ಯಾಸ್ ಕಂಪನಿಯ ತಪಾಸಣೆ ಕೋಣೆಯಲ್ಲಿ ಧರೆಪ್ಪ ಆಕ್ಸಿಜನ್ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದ, ಒಂದು ತಾಸು ಕಾದ. ಅದು ಅಲುಗಲಿಲ್ಲ. ಜೋಡಿಸಿದ್ದು ಮೀಟರನ್ನು ಪರೀಕ್ಷಿಸಲೆಂದೇ ಪುಣೆಯಿಂದ ತರಿಸಿದ ಮಾದರಿ ಸಿಲಿಂಡರು. ಅದರ ನೈಟ್ರೋಜನ್ನಿನಲ್ಲಿ ಹತ್ತು ಲಕ್ಷ ಪಾಲಿಗೆ ಹತ್ತು ಪಾಲು ಆಕ್ಸಿಜನ್ ಇದೆಯೆಂದು ಚೀಟಿಯೇ ಇತ್ತು. ಮುಳ್ಳು ಹತ್ತು ತೋರಿಸಬೇಕಿತ್ತು.

ಹೋದ ತಿಂಗಳು ತೋರಿಸಿತ್ತಲ್ಲ! ಆಗಲೂ ಇದೇ ಸಿಲಿಂಡರು. ಬದಲಾದದ್ದು ನಳಿಕೆ ಒಂದೇ. ತಾಮ್ರದ್ದು ಸೀಳಿತ್ತೆಂದು ಆಗ ರಬ್ಬರಿನದು ಹಾಕಿದ್ದ, ಇವತ್ತು ಹೊಸ ತಾಮ್ರದ್ದು ಬಂದಿತ್ತು. ಬಿಚ್ಚಿಟ್ಟ ರಬ್ಬರ್ ನಳಿಕೆಯನ್ನು ನೋಡುತ್ತಿದ್ದಂತೆ ಅವನಿಗೆ ಎಲ್ಲ ಹೊಳೆಯಿತು. ರಬ್ಬರು ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಂಡಿತ್ತು. ಮುಳ್ಳು ಐವತ್ತಕ್ಕೆ ಏರಿದಾಗ, ಮೀಟರೇ ಕೆಟ್ಟಿದೆ ಎಂದುಕೊಂಡ ಈ ಮಹಾಶಯ ತಿರುಪು ತಿರುವಿ ಅದನ್ನು ಹತ್ತಕ್ಕೆ ತಂದು ಕೂರಿಸಿದ್ದ. ಹನ್ನೊಂದು ವರ್ಷದ ಅನುಭವ! ಮಾರುವ ಗ್ಯಾಸಿನ ನಳಿಕೆ ಬೇರೆ, ಅದರಲ್ಲಿ ಗಾಳಿ ಸೇರುತ್ತಿರಲಿಲ್ಲ. ಹಾಗಾಗಿ ಅಲ್ಲಿ ಮೀಟರು ಇದ್ದದ್ದರ ಐದರಲ್ಲೊಂದು ಪಾಲನ್ನಷ್ಟೇ ತೋರಿಸಿತ್ತು; ತಂತಿ ಕಾರ್ಖಾನೆಗೆ ಹೋದ ಸಿಲಿಂಡರುಗಳಿಗೆ ಅವನು ನಾಲ್ಕು ಎಂದು ಬರೆದುಕೊಟ್ಟದ್ದು ನಿಜವಾಗಿ ಇಪ್ಪತ್ತಾಗಿತ್ತು.

ಆ ಗ್ಯಾಸು ತುಂಬಿದ ಅಲ್ಲಿಯ ಭಟ್ಟಿಯಲ್ಲಿ ಆಕ್ಸಿಜನ್ ತಗುಲಿ ತಂತಿಯೆಲ್ಲ ಕಪ್ಪಾಯಿತು. ಭಟ್ಟಿಯ ಬಾಗಿಲನ್ನು ಬೇಗ ತೆಗೆದು ಗಾಳಿ ಬಿಟ್ಟನೆಂದು, ಭಟ್ಟಿ ನೋಡಿಕೊಳ್ಳುತ್ತಿದ್ದ ತಡವಳ ಊರಿನ ನಿಂಗಣ್ಣನನ್ನು ಕೆಲಸದಿಂದ ತೆಗೆದರು. ಅವನು ಇಲ್ಲಿಗೇ ಬಂದು, "ನಾ ಬಾಗಲಾ ತಗದಿಲ್ರಿ ಸಾಹೇಬ್ರ, ಗ್ಯಾಸ್ ತಪಾಸ ಮಾಡಿ ನೋಡ್ರಿ" ಎಂದು ಕೈಮುಗಿದಿದ್ದ. "ಮೀಟರ್ ಸುಳ್ಳ ಹೇಳ್ತದೇನೋ?" ಎಂದು ಧರೆಪ್ಪ ಗದರಿಸಿ ಕಳಿಸಿದ್ದ.

ಗ್ಯಾಸ್ ಕಂಪನಿಯ ಮಾಲೀಕ ಶಾಂತಲಿಂಗಪ್ಪನವರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು.

"ಇವತ್ತಿಂದ ಸರಿ ಮಾಡ್ರಿ. ಆಗಿದ್ದು ಆಗಿಹೋತು."

"ನಿಂಗಣ್ಣನ ಕೆಲಸಾ ಹೋಗ್ಯದರಿ, ಸಾವ್ಕಾರ್ರ."

"ಅವನ ಜಾಗಾಕ್ಕ ಬ್ಯಾರೆ ಮನಷಾ ಬಂದಾನ, ಧರೆಪ್ಪನವರ. ತಪ್ಪು ನಮ್ದ ಅಂತ ನಾ ಕಾಗದದ ಮ್ಯಾಲ ಏನೂ ಬರದ ಕೊಡಂಗಿಲ್ಲ."

ವಾದಿಸುವ ತ್ರಾಣ ಧರೆಪ್ಪನಲ್ಲಿ ಇರಲಿಲ್ಲ. ಹೋಗಿ, ಈ ಸಲ ತಾಮ್ರದ ನಳಿಕೆ ಇಟ್ಟುಕೊಂಡೇ, ಮುಳ್ಳನ್ನು ಹತ್ತಕ್ಕೆ ಕೂರಿಸಿದ. ಸಂಜೆ ಎಸ್.ಟಿ. ಬಸ್ಸು ಅಕ್ಕಲಕೋಟೆಯಲ್ಲಿ ಇಳಿಸಿದಾಗ ಮನೆಗೆ ಹೋಗಿ ಬಿದ್ದುಕೊಂಡರೆ ಸಾಕೆನಿಸಿತ್ತು. ಆದರೂ ತಡವಳದ ಬಸ್ಸು ಹತ್ತಿದ.

ನಿಂಗಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಧರೆಪ್ಪ ಕೂರಲಿಲ್ಲ. ನಳಿಕೆಯದು, ತಿರುಪಿನದು, ಎಲ್ಲವನ್ನೂ ನಿಂತೇ ಹೇಳಿದ.

"ಕೆಲಸಾ ತಿರುಗಿ ಕೊಡಸೋದು ನನ್ನ ಕೈಯಾಗಿಲ್ಲೋ ತಮ್ಮಾ. ತಪ್ಪು ಮಾತ್ರ ನಂದು."

ನಿಂಗಣ್ಣ ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಧರೆಪ್ಪನಿಗೆ.

"ಏ ಸೋನಾ, ಹೊರಗ ಬಾ" ಎಂದು ನಿಂಗಣ್ಣ ಒಳಗೆ ಕೂಗಿದ. ಅವನ ಹೆಂಡತಿ ಸೋನಾಬಾಯಿ ಹಿಟ್ಟು ಹತ್ತಿದ ಕೈಯಲ್ಲೇ ಬಂದು ಹೊಸ್ತಿಲಲ್ಲಿ ನಿಂತಳು.

"ಇಕಿನೂ ನನ್ನ ನಂಬಿಲ್ರಿ ಸಾಹೇಬ್ರ. ಈಗ ಇಕಿ ಮುಂದ ಹೇಳ್ರಿ."

ಧರೆಪ್ಪ ಆ ಹೆಣ್ಣುಮಗಳಿಗೆ ತಿಳಿಯುವ ಹಾಗೆ, ಮೊದಲಿನಿಂದ ಹೇಳತೊಡಗಿದ.