ಒಂದೇ ದಿನ ಇಟ್ಟ ನೀಲಿ ಚೀಟಿ

ನೀವು ಕೈಹಿಡಿದು ಕಲಿಸಿದವರ ಭಾವಚಿತ್ರ ಪತ್ರಿಕೆಯಲ್ಲಿ ಬಂದ ದಿನ, ಆ ಪುಟವನ್ನು ಓದಿಯೂ ಓದದವರಂತೆ ಮಡಚಿ ಬಿಸಿ ಪಾತ್ರೆಯ ಅಡಿಗೆ ಇಟ್ಟವರು ನೀವಲ್ಲವೇ? ಅಲ್ಲವೆಂದು ತಟ್ಟನೆ ಹೇಳಬೇಡಿ. ತ್ರಿಪ್ಲಿಕೇನಿನ ಕಿಟ್ಟುವೂ ಹಾಗೆಯೇ ಹೇಳುತ್ತಿದ್ದ. ಅವನೇನು ಕೆಟ್ಟವನಾಗಿರಲಿಲ್ಲ; ಕೋಪ ಬರಬೇಕಾದದ್ದು ಅಲ್ಲಿಯೇ.

ಕೋಡಂಬಾಕ್ಕಂನ ಒಂದು ಫಿಲ್ಮ್ ಲ್ಯಾಬಿನಲ್ಲಿ ಮೂವತ್ತು ವರ್ಷ ನೆಗೆಟಿವ್‌ಗಳನ್ನು ಕಾಯ್ದವನು ಅವನು. ತೊಂಬತ್ತೆಂಟರಲ್ಲಿ ಲ್ಯಾಬು ಮುಚ್ಚಿದಾಗ, ವಾರಸುದಾರರಿಲ್ಲದ ಡಬ್ಬಿಗಳನ್ನು ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಲು ಮಾಲೀಕರು ನಿಶ್ಚಯಿಸಿದರು. ಕಿಟ್ಟು ಬಾಗಿಲಿಗೆ ಅಡ್ಡ ನಿಂತ. ಬೈದು, ಬೇಡಿ, ಕೊನೆಗೆ ನೂರನಾಲ್ವತ್ತು ಡಬ್ಬಿಗಳನ್ನು ಒಂದು ಮೆಸ್ಸಿನ ಮಹಡಿಯ ಎರಡು ಕೋಣೆಗಳಿಗೆ ತಂದು, ಹೆಂಡತಿ ತುಂಗಾಳನ್ನು ಸೇರಿಸಿಕೊಂಡು ಒಂದು ಟ್ರಸ್ಟ್ ಮಾಡಿದ. ವರ್ಷಕ್ಕೊಮ್ಮೆ ಪ್ರತಿ ರೀಲನ್ನೂ ಬಿಚ್ಚಿ, ಒರೆಸಿ, ಮತ್ತೆ ಸುತ್ತಿಡುತ್ತಿದ್ದ. ತಮ್ಮ ತಂದೆಯರು ತೆಗೆದ ಚಿತ್ರಗಳೆಂದು ತಿಳಿದೂ ನಿರ್ಮಾಪಕರ ಮಕ್ಕಳು ಒಂದು ಕಾಸೂ ಬಿಚ್ಚಲಿಲ್ಲ. ಇಂಥ ಮಕ್ಕಳಿಗೆ ನಾಚಿಕೆಯಾಗಬೇಕು.

ಪಾವನಾ ಬಂದದ್ದು ಎರಡು ಸಾವಿರದ ಒಂದರಲ್ಲಿ. ಚಾಮರಾಜನಗರದ ಕಡೆಯವಳು, ಗ್ರಂಥಪಾಲಕಿಯಾಗಿ ತರಬೇತಾದವಳು, ಗಂಡನ ಬ್ಯಾಂಕು ಕೆಲಸದ ಹಿಂದೆ ಚೆನ್ನೈಗೆ ಬಂದವಳು. ಎರಡು ವರ್ಷ ಕಿಟ್ಟುವಿನ ಪಕ್ಕದಲ್ಲೇ ಕುಳಿತು ಫಿಲ್ಮನ್ನು ಅಂಚಿನಲ್ಲಿ ಹಿಡಿಯುವುದನ್ನು, ಡಬ್ಬಿ ತೆರೆದೊಡನೆ ಮೂಸುವುದನ್ನು ಕಲಿತಳು. ಹುಳಿ ವಾಸನೆ ಬಂದರೆ ಫಿಲ್ಮು ಒಳಗಿಂದೊಳಗೇ ಕೊಳೆಯುತ್ತಿದೆಯೆಂದು ಅರ್ಥ. ಆಮೇಲೆ ಕೋಡಂಬಾಕ್ಕಂನಲ್ಲಿ ತನ್ನದೇ ಸಂಸ್ಥೆ ತೆರೆದಳು. ಇಂಗ್ಲಿಷಿನಲ್ಲಿ ಕಾಗದ ಬರೆಯಬಲ್ಲವಳು. ದಾನಿಗಳು ಸಿಕ್ಕರು, ತಂಪು ಕೋಣೆಯೂ ಆಯಿತು. ಪತ್ರಿಕೆಯವರು ಅರ್ಧ ಪುಟ ಬರೆದರು. ಅದರಲ್ಲಿ ಕಿಟ್ಟುವಿನ ಹೆಸರಿರಲಿಲ್ಲ.

"ಪತ್ರಿಕೆಯವರು ಬಿಟ್ಟಿರಬೇಕು. ಅವಳು ಹೇಳದೆ ಇರ್ತಾಳಾ?" ಎಂದಳು ತುಂಗಾ.

"ಹೇಳಿದ್ರೆ ಯಾಕೆ ಬಿಡ್ತಾರೆ? ಎಸಿ ರೂಮು ಬಂತು, ಕಲಿಸಿದ ಈ ಮಾಮಾ ಮರೆತುಹೋದ. ಅವ್ವಳವುದಾನ್, ಅಷ್ಟೇ."

"ಇದಕ್ಕೆ ವಯತ್ತೆರಿಚ್ಚಲ್ ಅಂತಾರೆ. ಕನ್ನಡದಲ್ಲಿ ಹೊಟ್ಟೆಕಿಚ್ಚು. ಯಾವ ಭಾಷೇಲಿ ಬೇಕೋ ತಗೊಳ್ಳಿ," ಎಂದು ಅವಳು ಸಾರಿನ ಪಾತ್ರೆಯನ್ನು ಆ ಪುಟದ ಮೇಲಿಂದ ಎತ್ತಿದಳು. ಪಾವನಾಳ ಮುಖದ ಮೇಲೆ ದುಂಡನೆಯ ಕಲೆ ಬಿದ್ದಿತ್ತು. ಕಿಟ್ಟುವಿಗೆ ಅದನ್ನು ನೋಡಿ ಹಿತವಾಯಿತು.

ಮರುವರ್ಷ ಒಂದು ಪ್ರತಿಷ್ಠಾನವು ಐತಿಹಾಸಿಕ ಮಹತ್ವದ ಒಂದು ಚಿತ್ರವನ್ನು, ಒಂದನ್ನು ಮಾತ್ರ, ಉಳಿಸಲು ಅನುದಾನ ಘೋಷಿಸಿತು. ಲಾಭಕ್ಕೆ ನಡೆಯದ ಸಂಗ್ರಹಾಲಯಗಳು ಅರ್ಜಿ ಹಾಕಬಹುದಿತ್ತು. ಕಿಟ್ಟು ಆರಿಸಿದ್ದು ನೂರು ದಿನ ಓಡಿದ ಚಿತ್ರ. ಹುಡುಗನಾಗಿದ್ದಾಗ ಅವನು ಮೊದಲು ಕೈಯಿಟ್ಟ ನೆಗೆಟಿವ್. ಅದರ ಎರಡು ಪ್ರತಿಗಳು ಬೇರೆಡೆ ಇದ್ದವು. ಪಾವನಾ ಆರಿಸಿದ್ದು ಎರಡು ವಾರವೂ ಓಡದ ಚಿತ್ರ; ನಿಜವಾದ ನೇಕಾರರೇ ಅಭಿನಯಿಸಿದ್ದು. ಲೋಕದಲ್ಲಿ ಅದರ ಹದಿನಾಲ್ಕು ರೀಲುಗಳ ಒಂದೇ ನೆಗೆಟಿವ್ ಉಳಿದಿತ್ತು.

ಕೊನೆಯ ಸುತ್ತಿಗೆ ಇವರಿಬ್ಬರೇ ಉಳಿದರು. ಪ್ರತಿಷ್ಠಾನದ ನಿಯಮದಂತೆ ಒಬ್ಬರ ಡಬ್ಬಿಗಳನ್ನು ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು; ಹೆಚ್ಚು ಹದಗೆಟ್ಟ ಚಿತ್ರಕ್ಕೆ ಹಣ. ಪರೀಕ್ಷೆ ಸರಳ: ಡಬ್ಬಿಯೊಳಗೆ ಒಂದು ನೀಲಿ ಚೀಟಿಯನ್ನು ಇಟ್ಟು ಮುಚ್ಚಿ, ಒಂದು ದಿನ ಕಳೆದ ಮೇಲೆ ಬಣ್ಣ ನೋಡುವುದು. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದಷ್ಟೂ, ಹಳದಿಯಾದಷ್ಟೂ ಸಾವು ಹತ್ತಿರ.

ಪಾವನಾಳ ಕೋಣೆಯ ತಂಪಿನಲ್ಲಿ ಕಿಟ್ಟು ನಾಲ್ಕನೆಯ ರೀಲಿನ ಮುಚ್ಚಳ ಎತ್ತಿದ. ಹುಳಿ ಮೂಗಿಗೆ ರಾಚಿತು. ಮೂವತ್ತು ವರ್ಷದ ಮೂಗು ಸುಳ್ಳು ಹೇಳುವುದಿಲ್ಲ.

"ಹೆಂಗದೆ ಸಾರ್? ನಂಗೆ ಶೀತ, ಮೂಗೇ ಕಟ್ಟೋಗದೆ," ಎಂದಳು ಪಾವನಾ.

"ಚೀಟಿ ಹೇಳತ್ತಮ್ಮಾ, ನಾನ್ಯಾಕೆ ಹೇಳ್ಲಿ."

"ನೀವು ಬರೆದದ್ದಕ್ಕೆ ನಾನು ಕಣ್ಮುಚ್ಕೊಂಡು ಸಹಿ ಹಾಕ್ತೀನಿ ಸಾರ್. ಗುರುಗಳ ಮೇಲೆ ಅನುಮಾನ ಪಡೋಕಾಯ್ತದಾ?"

ಆ ಮಾತು ಅವನಿಗೆ ಮೆಚ್ಚುಗೆಯಾಗಿ ಕೇಳಲಿಲ್ಲ, ಭಿಕ್ಷೆಯಾಗಿ ಕೇಳಿತು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಆ ಅರ್ಧ ಪುಟ ತೂಗುತ್ತಿತ್ತು.

ತಂಪಿನಲ್ಲಿ ಚೀಟಿ ನಿಧಾನ. ಇಂಥ ಕೋಣೆಯಲ್ಲಿ ಅದು ತನ್ನ ನಿಜವಾದ ಬಣ್ಣಕ್ಕೆ ಬರಲು ಮೂರು ವಾರ ಬೇಕು. ಬಿಸಿಲಿಗೆ ಕಾದ ತ್ರಿಪ್ಲಿಕೇನಿನ ಮಹಡಿಯಲ್ಲಾದರೆ ಒಂದು ದಿನ ಸಾಕು. ಕಿಟ್ಟು ಇದನ್ನು ಹಿಂದೆ ಲ್ಯಾಬಿನಲ್ಲಿದ್ದಾಗಲೇ ಪ್ರಯೋಗಿಸಿ ತಿಳಿದಿದ್ದ. ಪಾವನಾಳಿಗೆ ಕಲಿಸದೆ ಉಳಿದಿದ್ದ ಪಾಠ ಇದೊಂದೇ. ಪ್ರತಿಷ್ಠಾನದವರ ನಮೂನೆಯಲ್ಲಿ ತಂಪಿನ ಪ್ರಶ್ನೆಯೇ ಇರಲಿಲ್ಲ.

ಮರುದಿನ ಚೀಟಿ ನೀಲಿಯ ಅಂಚಿನಲ್ಲಿ ತುಸುವೇ ಹಸಿರಾಗಿತ್ತು. 'ಒಂದು ದಿನದ ನಂತರ: ಮೊದಲ ಹಂತ' ಎಂದು ಕಿಟ್ಟು ಬರೆದ. ಪ್ರತಿ ಅಕ್ಷರವೂ ಸತ್ಯ. ಕೆಳಗೆ, ಬೇರೇನಾದರೂ ತಿಳಿಸುವುದಿದ್ದರೆ ಎಂದು ಎರಡು ಗೆರೆ ಜಾಗ ಬಿಟ್ಟಿದ್ದರು. ಆ ಎರಡು ಗೆರೆಯನ್ನು ಖಾಲಿ ಬಿಟ್ಟು ಸಹಿ ಹಾಕಿದ. ಸುಳ್ಳನ್ನು ಬಾಯಿಬಿಟ್ಟು ಹೇಳಿದರಷ್ಟೇ ಪಾಪವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಿಟ್ಟುವಿಗೂ ಯಾರೋ ಹಾಗೆಯೇ ಕಲಿಸಿದ್ದರು.

ಕಿಟ್ಟುವಿನ ರೀಲುಗಳ ಚೀಟಿ ಒಂದೇ ದಿನದಲ್ಲಿ ಎದ್ದುಕಾಣುವಂತೆ ಹಸಿರಾಗಿತ್ತು. ಅನುದಾನ ಅವನಿಗೆ ಬಂತು. ಉಳಿಸಿದ ಚಿತ್ರದ ಪ್ರದರ್ಶನದ ದಿನ ತೆರೆಯ ಮೇಲೆ ಅವನ ಹೆಸರು ಬಿದ್ದಾಗ, ಎದ್ದು ನಿಂತು ಮೊದಲು ಚಪ್ಪಾಳೆ ಹೊಡೆದವಳು ಪಾವನಾ. ಅದನ್ನೂ ಅವನು ಸಹಿಸಲಿಲ್ಲ. "ಆಕ್ಟಿಂಗು," ಎಂದ ತುಂಗಾಳ ಕಿವಿಯಲ್ಲಿ.

ಮೊದಲ ಹಂತವೆಂಬ ವರದಿಯನ್ನು ನಂಬಿ ಪಾವನಾ ಬೇರೆ ಕಡೆ ಹಣ ಬೇಡಲೂ ಹೋಗಲಿಲ್ಲ, ಆ ಡಬ್ಬಿಗಳನ್ನು ಅವಸರದಿಂದ ತೆರೆಯಲೂ ಇಲ್ಲ. ಒಂದೂವರೆ ವರ್ಷದ ಮೇಲೆ ಅವಳ ಫೋನು ಬಂತು. ಕಿಟ್ಟು ಹೋಗಿ ನೋಡಿದ. ಆರು ರೀಲುಗಳು ಬೆಲ್ಲದಚ್ಚಿನಂತೆ ಗಟ್ಟಿಯಾಗಿ ಅಂಟಿಕೊಂಡಿದ್ದವು. ಬಿಚ್ಚಹೋದರೆ ಮಗ್ಗವೂ ಮುಖಗಳೂ ಹಕ್ಕಳೆಯಾಗಿ ಉದುರುತ್ತಿದ್ದವು.

ಪಾವನಾ ಒಂದು ಕಾಗದ ಮುಂದಿಟ್ಟಳು. ಬೇಸಿಗೆಯಲ್ಲಿ ಎರಡು ದಿನ ಕರೆಂಟು ಹೋಗಿತ್ತು, ತಪ್ಪು ತನ್ನದು, ಎಂದು ಮಿಕ್ಕ ರೀಲುಗಳಿಗೆ ನೆರವು ಕೇಳಿ ಪ್ರತಿಷ್ಠಾನಕ್ಕೆ ಬರೆದಿದ್ದಳು. ಕಿಟ್ಟುವಿಗೆ ಮೊದಲು ಆದದ್ದು ಪಶ್ಚಾತ್ತಾಪವಲ್ಲ, ನೆಮ್ಮದಿ. ಅದನ್ನು ಮುಚ್ಚಿಡಬಾರದು.

"ನೀವು ಹೇಳ್ಕೊಟ್ಟಂಗೇ ಮಾಡಿದೆ ಸಾರ್," ಎಂದಳು. "ಎಲ್ಲಿ ತಪ್ಪಿದೆ, ಒಸಿ ಹೇಳಿ. ಮಿಕ್ಕ ಎಂಟನ್ನಾದ್ರೂ ಉಳಿಸ್ಕೊಬೇಕು."

ಅವಳು ಕೇಳಿದ್ದು ಕಲಿಯಲು. ಕಿಟ್ಟು ಆ ಕಾಗದವನ್ನು ಎರಡು ಸಲ ಮಡಚಿ ಜೇಬಿಗಿಟ್ಟುಕೊಂಡ.

"ನೀನು ತಪ್ಪಲಿಲ್ಲಮ್ಮಾ. ತಣ್ಣನೆ ಕೋಣೇಲಿ ಚೀಟಿ ಒಂದು ದಿನಕ್ಕೆ ಬಣ್ಣ ಬಿಡಲ್ಲ. ಮೂರು ವಾರ ಬೇಕು."

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು. ವಾಸನೇನೂ ಬಂದಿತ್ತು."

ಅವಳು ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚಿದಳು. ಆಮೇಲೆ, "ಆಚೆಗೆ ಹೋಗಿ ಸಾರ್. ಬಾಗ್ಲು ತೆಗೆದಿದ್ರೆ ತಂಪು ಹೋಯ್ತದೆ," ಎಂದಳು.

ಆ ಸಂಜೆಯೇ ಕಿಟ್ಟು ತನ್ನ ಹೆಸರಿನಲ್ಲಿ ಬೇರೆ ಕಾಗದ ಬರೆದ. ತುಂಗಾ ಓದಿ, ಒಂದು ಪದವನ್ನೂ ಮೆದುಮಾಡಲು ಬಿಡದೆ ಅಂಚೆಗೆ ಹಾಕಿದಳು. ಪ್ರತಿಷ್ಠಾನದವರು ಅವನ ಟ್ರಸ್ಟನ್ನು ಪಟ್ಟಿಯಿಂದ ತೆಗೆದರು. ಆ ವರ್ಷದ ಹಣ ಆಗಲೇ ಬೇರೆಯವರಿಗೆ ಹೋಗಿತ್ತು. ನೇಕಾರರ ಎಂಟು ರೀಲುಗಳು ಇನ್ನೂ ಬಿಚ್ಚಲು ಬರುತ್ತಿದ್ದವು, ಚೀಟಿ ಮಾತ್ರ ಹಳದಿಗೆ ತಿರುಗುತ್ತಿತ್ತು. ಕಿಟ್ಟು ಪುರಸೈವಾಕ್ಕಂನ ಜವಳಿ ಅಂಗಡಿಗಳ ಮೆಟ್ಟಿಲು ಹತ್ತಿ, ಮಗ್ಗದ ಬಟ್ಟೆ ಮಾರುವವರ ಮುಂದೆ ಪಾವನಾಳ ಹೆಸರು ಹೇಳಿ ಹಣ ಬೇಡತೊಡಗಿದ. ಹೆಚ್ಚಿನವರು ಮುಂದಿನ ತಿಂಗಳು ಬನ್ನಿ ಎಂದರು.

ನಿಮ್ಮ ಊರಿನಲ್ಲಿಯೂ ಯಾರೋ ಒಬ್ಬರು ಬಾಡಿಗೆ ಕೋಣೆಯಲ್ಲಿ ಇಂಥ ಡಬ್ಬಿಗಳನ್ನು ಕಾಯುತ್ತಿದ್ದಾರೆ. ಮುಂದಿನ ತಿಂಗಳು ಎನ್ನಬೇಡಿ. ಈ ವಾರವೇ ಹುಡುಕಿಕೊಂಡು ಹೋಗಿ, ಅತ್ಯಂತ ಹದಗೆಟ್ಟ ಡಬ್ಬಿ ಯಾವುದೆಂದು ಕೇಳಿ, ನಿಮ್ಮ ಕೈಲಾದದ್ದನ್ನು ಅದಕ್ಕೆಂದೇ ಕೊಟ್ಟು ಬನ್ನಿ.